ನಾಣ್ಯದ ಹಿಂದೆ 99 ಕರ್ನಾಟಕ

ಒಂದು ರೂಪಾಯಿ ನಾಣ್ಯವನ್ನು ಕೋಲಿನ ತುದಿಗೆ ಅಂಟಿಸಿ ಮಾಳಿಗೆಯ ಮೇಲೆ ನೆಡಿ. ಅಲ್ಲಿಂದ ಸುಮಾರು 2 ಮೀಟರ್ 40 ಸೆಂಟಿಮೀಟರ್ ಹಿಂದಕ್ಕೆ ಸರಿದು, ಒಂದು ಕಣ್ಣು ಮುಚ್ಚಿ, ಹುಣ್ಣಿಮೆಯ ಚಂದ್ರನನ್ನು ಅದರ ನೇರಕ್ಕೆ ತನ್ನಿ. ಚಂದ್ರ ಪೂರ್ತಿ ಮಾಯ! ನಾಣ್ಯದ ಅಗಲ 22 ಮಿಲಿಮೀಟರ್, ಅದು ಮುಚ್ಚಿದ ವಸ್ತುವಿನ ಅಗಲ 3,474 ಕಿಲೋಮೀಟರ್. ಚಂದ್ರನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಇದೇ ನಾಣ್ಯಗಳನ್ನು ಸಾಲಾಗಿ ಜೋಡಿಸಲು ಹೊರಟರೆ 15 ಕೋಟಿ 80 ಲಕ್ಷ ರೂಪಾಯಿ ಬೇಕು.

ಅಗಲದ ಮಾತಾಯಿತು. ಇನ್ನು ನೆಲದ ಲೆಕ್ಕ. ಚಂದ್ರನ ಮೈಯ ಒಟ್ಟು ವಿಸ್ತೀರ್ಣ 3 ಕೋಟಿ 79 ಲಕ್ಷ ಚದರ ಕಿಲೋಮೀಟರ್, ಅಂದರೆ ಬೀದರಿನಿಂದ ಚಾಮರಾಜನಗರದವರೆಗಿನ ನಮ್ಮ ಇಡೀ ರಾಜ್ಯದಂಥವು 198. ಚಂದ್ರ ಉಂಡೆಯಾದ್ದರಿಂದ ಹುಣ್ಣಿಮೆಯ ರಾತ್ರಿ ಕಾಣುವುದು ಅದರ ಅರ್ಧ. ಒಂದು ರೂಪಾಯಿಯ ಹಿಂದೆ ಅಡಗಿ ಕೂತಿರುವುದು 99 ಕರ್ನಾಟಕ.

ಆ ಬಿಳಿ ತಟ್ಟೆಯ ಮೇಲೆ ಬರಿಗಣ್ಣಿಗೂ ಒಂದು ಹೊಳೆಯುವ ಚುಕ್ಕೆ ಕಾಣುತ್ತದೆ. ಚಂದ್ರ ಪೂರ್ವದಲ್ಲಿ ಮೂಡುತ್ತಿರುವಾಗ ಅವನ ಬಲಬದಿಗೆ ಕಣ್ಣು ಹಾಯಿಸಿ. ಬೈನಾಕ್ಯುಲರ್ ಇದ್ದರೆ ಇನ್ನೂ ಸ್ಪಷ್ಟ. ಆ ಚುಕ್ಕೆಯಿಂದ ನಾಲ್ಕೂ ಕಡೆ ಬೆಳ್ಳನೆಯ ಗೆರೆಗಳು ಚೆಲ್ಲಿಕೊಂಡಿರುತ್ತವೆ. ಅದು ಟೈಕೋ ಕುಳಿ, ಅಗಲ 85 ಕಿಲೋಮೀಟರ್. ಈಗ ನಮ್ಮ ಕಲಬುರಗಿ ಭಾಗದ ನಕ್ಷೆ ತೆಗೆಯಿರಿ. ವಾಡಿಯಿಂದ ಚಿಂಚೋಳಿಗೆ ಹಕ್ಕಿ ಹಾರುವ ನೇರದಲ್ಲಿ 65 ಕಿಲೋಮೀಟರಿನ ಆಸುಪಾಸು. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಐದನ್ನೂ ಅವುಗಳ ನಡುವಿನ ತೊಗರಿ ಹೊಲ, ಕಲ್ಲಿನ ಗಣಿ, ರೈಲುಹಳಿ, ಕಾಗಿಣಾ ನದಿಯ ಸಮೇತ ಎತ್ತಿ ಆ ಕುಳಿಯೊಳಗೆ ಇಟ್ಟರೂ ಅಂಚಿನಲ್ಲಿ ಜಾಗ ಉಳಿಯುತ್ತದೆ. ಕುಳಿಯ ಆಳ 4,800 ಮೀಟರಿನ ಹತ್ತಿರ. ನಾಡಿನ ಅತಿ ಎತ್ತರದ ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿಯನ್ನು ಹೇರಿದರೂ ತುದಿ ಹೊರಗೆ ಇಣುಕುವುದಿಲ್ಲ. ಬಿಳಿ ಗೆರೆಗಳಲ್ಲಿ ಕೆಲವು 1,500 ಕಿಲೋಮೀಟರ್ ಓಡುತ್ತವೆ. ಚಿತ್ತಾಪುರದಿಂದ ಉತ್ತರಕ್ಕೆ ಅಂಥದೊಂದು ಗೆರೆ ಎಳೆದರೆ ದಿಲ್ಲಿಯನ್ನೂ ದಾಟಿ ಹೋಗುತ್ತದೆ. ನಾವು ಚುಕ್ಕೆ ಅಂದದ್ದು ಇದನ್ನೇ!

ಹುಣ್ಣಿಮೆಗೆ ನಮ್ಮಲ್ಲಿ ಹೆಸರಿಗೇನೂ ಬರವಿಲ್ಲ. ದವನದ ಹುಣ್ಣಿಮೆ, ಆಗಿ ಹುಣ್ಣಿಮೆ, ಕಾರಹುಣ್ಣಿಮೆ, ನೂಲಹುಣ್ಣಿಮೆ, ಸೀಗಿ ಹುಣ್ಣಿಮೆ, ಗೌರಿ ಹುಣ್ಣಿಮೆ, ಹೀಗೆ ತಿಂಗಳಿಗೊಂದು. ವರ್ಷಕ್ಕೆ 12, ಕೆಲವು ವರ್ಷ 13. ಆದರೆ ಎಲ್ಲ ಹುಣ್ಣಿಮೆಯೂ ಒಂದೇ ದೂರದಲ್ಲಿ ನಡೆಯುವುದಿಲ್ಲ. ಸರಾಸರಿ ದೂರ 3,84,400 ಕಿಲೋಮೀಟರ್. ಭೂಮಿಯನ್ನು ನಡುವಿಗೆ ಒಂಬತ್ತೂವರೆ ಸಲ ಸುತ್ತಿದಷ್ಟು. ವಾಡಿ ಜಂಕ್ಷನ್ನಿನಲ್ಲಿ ನಿಂತವರಿಗೆ ಇದನ್ನು ಇನ್ನೊಂದು ರೀತಿಯಲ್ಲಿ ಹೇಳಬಹುದು. ಅಲ್ಲಿ ಹಾದುಹೋಗುವ ಮುಂಬಯಿ–ಚೆನ್ನೈ ಹಳಿಯ ಉದ್ದ ಸುಮಾರು 1,280 ಕಿಲೋಮೀಟರ್. ಚಂದ್ರನನ್ನು ಮುಟ್ಟಲು ಆ ಹಳಿಯ ಮೇಲೆ ಈ ತುದಿಯಿಂದ ಆ ತುದಿಗೆ 300 ಸಲ ಓಡಬೇಕು. ಒಂದು ಓಟಕ್ಕೆ ಒಂದು ದಿನ ಹಿಡಿದರೂ, ಒಂದು ದಿನವೂ ಬಿಡುವಿಲ್ಲದೆ, ಹತ್ತು ತಿಂಗಳು. ಅದೇ ದೂರವನ್ನು ಬೆಳದಿಂಗಳು 1.3 ಸೆಕೆಂಡಿನಲ್ಲಿ ದಾಟಿ ನಮ್ಮ ಅಂಗಳಕ್ಕೆ ಬಂದು ಬೀಳುತ್ತದೆ.

ಈ ದೂರ ಹಿಗ್ಗುತ್ತದೆ, ಕುಗ್ಗುತ್ತದೆ. ಅತಿ ಹತ್ತಿರದ ಹುಣ್ಣಿಮೆಗೂ ಅತಿ ದೂರದ ಹುಣ್ಣಿಮೆಗೂ ನಡುವೆ 50,000 ಕಿಲೋಮೀಟರಿನಷ್ಟು ವ್ಯತ್ಯಾಸ, ಭೂಮಿಗೆ ಒಂದು ಸುತ್ತು ಹಾಕಿ ಇನ್ನೂ 10,000 ಕಿಲೋಮೀಟರ್ ನಡೆದಂತೆ. ಹತ್ತಿರ ಬಂದಾಗ ಚಂದ್ರ ದೂರದ ಹುಣ್ಣಿಮೆಗಿಂತ ಸುಮಾರು ಶೇ 14ರಷ್ಟು ಅಗಲ, ಶೇ 30ರಷ್ಟು ಹೆಚ್ಚು ಬೆಳಕು. ಸೂಪರ್‌ಮೂನ್ ಎಂದು ಪತ್ರಿಕೆಗಳು ಬರೆಯುವುದು ಇದನ್ನೇ. ಬರಿಗಣ್ಣಿಗೆ ಗೊತ್ತಾಗುವುದಿಲ್ಲ ಅನ್ನುವವರು ಆ ನಾಣ್ಯವನ್ನೇ ಕೇಳಲಿ. ಅತಿ ದೂರದ ಹುಣ್ಣಿಮೆಯನ್ನು ಮುಚ್ಚಲು ನಾಣ್ಯದಿಂದ 2 ಮೀಟರ್ 57 ಸೆಂಟಿಮೀಟರ್ ದೂರ ನಿಲ್ಲಬೇಕು, ಅತಿ ಹತ್ತಿರದ್ದಕ್ಕೆ 2 ಮೀಟರ್ 26. ನಡುವಿನ ಅಂತರ 31 ಸೆಂಟಿಮೀಟರ್. ಆಕಾಶದ 50,000 ಕಿಲೋಮೀಟರ್ ನಿಮ್ಮ ಮಾಳಿಗೆಯ ಮೇಲೆ ಒಂದಡಿಯಾಗಿ ಇಳಿದುಬರುತ್ತದೆ. ಶಾಲೆಯ ಮಕ್ಕಳು ವರ್ಷಪೂರ್ತಿ ಹುಣ್ಣಿಮೆಗೊಮ್ಮೆ ಈ ಅಳತೆ ತೆಗೆದು ಗೋಡೆಯ ಮೇಲೆ ಬರೆದಿಟ್ಟರೆ ಚಂದ್ರನ ಹೋಗುಬರುವಿಕೆ ಕಣ್ಣೆದುರೇ ನಿಲ್ಲುತ್ತದೆ. ದುರ್ಬೀನು ಬೇಡ, ದುಡ್ಡು ಬೇಡ, ಒಂದು ರೂಪಾಯಿ ಸಾಕು.

ಈಗ ಅಪರೂಪದ ಲೆಕ್ಕಕ್ಕೆ ಬರೋಣ. 2016ರ ನವೆಂಬರ್ 14, ಗೌರಿ ಹುಣ್ಣಿಮೆ. ನೋಟು ರದ್ದಾಗಿ ಆರನೆಯ ದಿನ, ಜನ ಬ್ಯಾಂಕಿನ ಮುಂದೆ ಸಾಲುಗಟ್ಟಿದ್ದರು. ಅಂದು ಚಂದ್ರ 3,56,509 ಕಿಲೋಮೀಟರಿಗೆ ಬಂದಿದ್ದ. ಅದಕ್ಕಿಂತ ಹತ್ತಿರದ ಹುಣ್ಣಿಮೆ ಬೇಕೆಂದರೆ 1948ರ ಜನವರಿ 26ಕ್ಕೆ ಹಿಂದೆ ಹೋಗಬೇಕು: 3,56,461 ಕಿಲೋಮೀಟರ್. ಆ ರಾತ್ರಿ ದೇಶಕ್ಕೆ ಸ್ವಾತಂತ್ರ್ಯ ಬಂದು ಐದು ತಿಂಗಳು ಕಳೆದಿತ್ತು, ಆದರೆ ಸೇಡಂ, ಚಿತ್ತಾಪುರ, ಶಹಾಬಾದ್ ಇನ್ನೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲೇ ಇದ್ದವು. ಭಾರತಕ್ಕೆ ಸೇರಲು ಇನ್ನೂ ಎಂಟು ತಿಂಗಳು ಕಾಯಬೇಕಿತ್ತು. 1948ರಿಂದ ಈಚೆಗಿನ ಆ ದಾಖಲೆಯನ್ನು ಮುರಿಯುವ ಹುಣ್ಣಿಮೆ 2034ರ ನವೆಂಬರ್ 25ರದು. ಅದೂ ಗೌರಿ ಹುಣ್ಣಿಮೆಯೇ. ಅಂದಿನ ದೂರ 3,56,445 ಕಿಲೋಮೀಟರ್.

ಎರಡು ದಾಖಲೆಗಳ ನಡುವೆ 86 ವರ್ಷ 10 ತಿಂಗಳು, 1,074 ಹುಣ್ಣಿಮೆ. ನಮ್ಮ ಹಿರಿಯರು ಸಾವಿರ ಹುಣ್ಣಿಮೆ ಕಂಡವರಿಗೆ ಸಹಸ್ರ ಚಂದ್ರ ದರ್ಶನ ಎಂದು ಶಾಂತಿ ಮಾಡಿಸುತ್ತಾರೆ. ಅದಕ್ಕೆ ಬೇಕಾದದ್ದು 80 ವರ್ಷ 10 ತಿಂಗಳಿನಷ್ಟು ಆಯುಸ್ಸು. 1948ರ ಜನವರಿಯಲ್ಲಿ ಹುಟ್ಟಿದ ಮಗು ಸಹಸ್ರ ಚಂದ್ರ ದರ್ಶನ ಮುಗಿಸಿ, ಮೇಲೆ ಇನ್ನೂ 74 ಹುಣ್ಣಿಮೆ ಕಂಡ ನಂತರ ಆ ದಾಖಲೆ ಮುರಿಯುತ್ತದೆ. ಎಷ್ಟರಿಂದ? ಬರೀ 16 ಕಿಲೋಮೀಟರಿನಿಂದ! ವಾಡಿಯಿಂದ ಚಿತ್ತಾಪುರಕ್ಕೆ ಹೋದಷ್ಟು, ಸ್ವಲ್ಪ ಹೆಚ್ಚು. ಆಮೇಲೆ 2052ರ ಡಿಸೆಂಬರ್ 6ರಂದು ಚಂದ್ರ ಇನ್ನೂ 24 ಕಿಲೋಮೀಟರ್ ಹತ್ತಿರ ಬರುತ್ತಾನೆ, ಈ ಶತಮಾನಕ್ಕೆ ಅದೇ ಕೊನೆಯ ದಾಖಲೆ. ಇವೆಲ್ಲಕ್ಕಿಂತ ಹತ್ತಿರದ್ದು 1912ರ ಜನವರಿ 4ರ ಹುಣ್ಣಿಮೆ, 3,56,375 ಕಿಲೋಮೀಟರಿನದು. ಅದನ್ನು ಮೀರಿಸುವ ಹುಣ್ಣಿಮೆ ಬರುವುದು 2257ರ ಜನವರಿ 1ಕ್ಕೆ. 345 ವರ್ಷ ಕಾದು ಸಿಗುವ ಲಾಭ 4 ಕಿಲೋಮೀಟರ್, ಊರ ಬಸ್ ನಿಲ್ದಾಣದಿಂದ ಆಚೆಯ ಹಳ್ಳಿಗೆ ನಡೆದುಹೋಗುವಷ್ಟು ದೂರ.

ಹಾಗಾದರೆ ಚಂದ್ರನಿಗೆ ಹತ್ತಿರವಾಗಲು ಎಲ್ಲಿಗೆ ಹೋಗಬೇಕು? ನನಗೆ ಅತ್ಯಂತ ಸೋಜಿಗದ ಸಂಖ್ಯೆ ಇಲ್ಲೇ ಇದೆ. ಚಂದ್ರ ಮೂಡುವಾಗ ನಾವು ಭೂಮಿಯ ಪಕ್ಕೆಯ ಮೇಲೆ ಇರುತ್ತೇವೆ, ಅವನು ನೆತ್ತಿಗೆ ಬಂದಾಗ ಭೂಮಿಯ ಮುಖದ ನಟ್ಟನಡುವೆ. ಈ ಎರಡರ ನಡುವೆ ಒಂದು ಭೂತ್ರಿಜ್ಯದ ಅಂತರ, 6,300 ಕಿಲೋಮೀಟರಿಗೂ ಮೇಲೆ. 86 ವರ್ಷ ಕಾದು ಪಡೆದ ದಾಖಲೆ 16 ಕಿಲೋಮೀಟರ್. ಸಂಜೆ ಚಾಪೆ ಹಾಸಿ ಮಧ್ಯರಾತ್ರಿಯವರೆಗೆ ಎದ್ದಿದ್ದರೆ ಸಿಗುವುದು ಅದರ 390 ಪಟ್ಟು! ಗುಡ್ಡ ಹತ್ತಿದರೆ ಕೆಲವು ನೂರು ಮೀಟರ್ ಹತ್ತಿರವಾಗಬಹುದು, ಆರು ತಾಸು ಕಾದರೆ ಆರು ಸಾವಿರ ಕಿಲೋಮೀಟರ್. ಮೂಡುವಾಗ ಕೊಪ್ಪರಿಗೆಯಷ್ಟು ದೊಡ್ಡದಾಗಿ ಕಾಣುವ ಚಂದ್ರ ನಿಜಕ್ಕೂ ಆ ರಾತ್ರಿಯಲ್ಲೇ ನಮಗೆ ಅತಿ ದೂರದವನು. ನಂಬಿಕೆಯಾಗದಿದ್ದರೆ ನಾಣ್ಯ ಹಿಡಿದು ನೋಡಿ, ದಿಗಂತದ ದೊಡ್ಡ ಚಂದ್ರನೂ ಅದೇ ಒಂದು ರೂಪಾಯಿಯ ಹಿಂದೆ ಅಡಗುತ್ತಾನೆ.

ಇದರಲ್ಲಿ ನಮ್ಮ ಊರುಗಳಿಗೊಂದು ಅದೃಷ್ಟವೂ ಇದೆ. ನಾವಿರುವುದು ಉತ್ತರ ಅಕ್ಷಾಂಶ 17ರ ಸುತ್ತಮುತ್ತ. 2034ರ ಆ ರಾತ್ರಿ, ಗಡಿಯಾರ ಹನ್ನೆರಡು ಹೊಡೆಯುವ ಹೊತ್ತಿಗೆ, ಚಂದ್ರ ಹೆಚ್ಚುಕಡಿಮೆ ನಮ್ಮ ನಡುನೆತ್ತಿಯ ಮೇಲೆ ನಿಲ್ಲುತ್ತಾನೆ. ಅಂಗಳದಲ್ಲಿ ನೆಟ್ಟ ಕೋಲಿನ ನೆರಳು ಕೋಲಿನ ಬುಡದಲ್ಲೇ ಮುದುಡಿಕೊಳ್ಳುತ್ತದೆ, ನಿಂತವರ ನೆರಳು ಅವರ ಪಾದದಡಿಗೆ ಸರಿಯುತ್ತದೆ. ಆ ಗಳಿಗೆಯಲ್ಲಿ ಈ ಭೂಮಿಯ 800 ಕೋಟಿ ಜನರಲ್ಲಿ ಚಂದ್ರನಿಗೆ ಅತಿ ಹತ್ತಿರ ಇರುವವರ ಸಾಲಿನಲ್ಲಿ ಸೇಡಮಿನವರೂ ಚಿತ್ತಾಪುರದವರೂ ಇರುತ್ತಾರೆ. ಮಾಳಿಗೆಯ ಮೇಲೆ ಮಲಗಿದ್ದರೆ ಸಾಕು.

ಆದರೂ ಚಂದ್ರ ಮೂಡುವುದನ್ನು ನೋಡಲು ಪೂರ್ವ ದಿಕ್ಕು ಬಯಲಾಗಿರುವ ಜಾಗ ಬೇಕು. 2034ರ ಆ ಸಂಜೆ ಸೂರ್ಯ ಮುಳುಗುವ ಮೊದಲೇ ಚಂದ್ರ ಮೂಡಿರುತ್ತಾನೆ, ಆದ್ದರಿಂದ ಐದು ಗಂಟೆಗೇ ಸ್ಥಳದಲ್ಲಿರಿ. ಕೆಳಗಿನ ಅಂಚು ದಿಗಂತವನ್ನು ಬಿಡಲು ತೆಗೆದುಕೊಳ್ಳುವುದು ಸುಮಾರು ಎರಡೇ ನಿಮಿಷ, ಚಹಾ ಕುಡಿಯಲು ಹೋದರೆ ತಪ್ಪಿಹೋಗುತ್ತದೆ. ಚಿಂಚೋಳಿಯವರಿಗೆ ಚಂದ್ರಂಪಳ್ಳಿ ಜಲಾಶಯದ ದಂಡೆ ಇದೆ. ಅದು 134.88 ಚದರ ಕಿಲೋಮೀಟರಿನ ವನ್ಯಜೀವಿಧಾಮದ ಜಾಗ, ಕತ್ತಲಾದ ಮೇಲೆ ಉಳಿಯುವುದಾದರೆ ಅರಣ್ಯ ಇಲಾಖೆಯನ್ನು ಕೇಳಿಕೊಂಡೇ ಉಳಿಯಬೇಕು. ಚಿತ್ತಾಪುರದವರಿಗೆ ನಾಗಾವಿಯ ಅರವತ್ತು ಕಂಬದ ಗುಡಿಯ ಬಯಲು. ಶಹಾಬಾದಿನಲ್ಲಿ ಬಯಲಿಗೆ ಕೊರತೆಯಿಲ್ಲ, ಆದರೆ ನೀರು ನಿಂತ ಹಳೆಯ ಗಣಿಗಳ ಅಂಚಿಗೆ ರಾತ್ರಿ ಯಾರೂ ಹೋಗುವುದು ಬೇಡ.

ಸೇಡಂ ತಾಲ್ಲೂಕಿನವರು ಮಳಖೇಡಕ್ಕೆ ಹೋಗಲಿ. ಕಾಗಿಣಾ ದಂಡೆಯ ಆ ಕೋಟೆ ರಾಷ್ಟ್ರಕೂಟರ ಮಾನ್ಯಖೇಟ, ಅಮೋಘವರ್ಷ ನೃಪತುಂಗನ ರಾಜಧಾನಿ. ಕವಿರಾಜಮಾರ್ಗ ಹುಟ್ಟಿದ ಕಾಲದಿಂದ ಇಲ್ಲಿಯವರೆಗೆ 14,000ಕ್ಕೂ ಹೆಚ್ಚು ಹುಣ್ಣಿಮೆಗಳು ಆ ಗೋಡೆಗಳ ಮೇಲೆ ಬೆಳಗಿ ಹೋಗಿವೆ. ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ನಮ್ಮಿಂದ ದೂರ ಸರಿಯುತ್ತಿದ್ದಾನೆ. ಈ ಲೆಕ್ಕದಲ್ಲಿ ನೃಪತುಂಗನ ಕಾಲದ ಚಂದ್ರ ಇಂದಿಗಿಂತ ಸುಮಾರು 45 ಮೀಟರ್ ಹತ್ತಿರವಿದ್ದ, ಎರಡು ರೈಲು ಬೋಗಿಯಷ್ಟು. ಅಲ್ಲಿಂದ ಇನ್ನೂ ಹಿಂದೆ ಹೋಗಬೇಕೆಂದರೆ ಭೀಮಾ ದಂಡೆಯ ಸನ್ನತಿಗೆ ಬನ್ನಿ. ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಅಶೋಕನ ಶಾಸನ ಸಿಕ್ಕಿದ್ದು ಅಲ್ಲಿಯೇ, ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅವನ ಹೆಸರು ಕೆತ್ತಿದ ಶಿಲ್ಪ ಸಿಕ್ಕಿದ್ದೂ ಅಲ್ಲಿಯೇ. ಅಶೋಕನ ಕಾಲದ ಚಂದ್ರ 86 ಮೀಟರ್ ಹತ್ತಿರ, ನಾಲ್ಕು ಬೋಗಿ. ಅಷ್ಟು ಹುಣ್ಣಿಮೆ ಕಳೆದರೂ ಒಂದು ಪೂರ್ತಿ ರೈಲಿನ ಉದ್ದವೂ ಆಗಲಿಲ್ಲ!

ಈ ಭಾಗದಲ್ಲಿ ಅಶೋಕನೂ ನಿನ್ನೆ ಮೊನ್ನೆಯವನೇ. ನಿಮ್ಮ ಮನೆಯ ನೆಲಕ್ಕೆ ಹಾಸಿರುವ ಶಹಾಬಾದ್ ಪರ್ಸಿಯ ಮೇಲೆ ಬೆಳದಿಂಗಳು ಬಿದ್ದಾಗ ಒಮ್ಮೆ ಬಗ್ಗಿ ಕೈಯಾಡಿಸಿ. ತಣ್ಣಗಿನ, ಬೂದಿ ಬಣ್ಣದ, ಪದರ ಪದರವಾಗಿ ಏಳುವ ಆ ಸುಣ್ಣದಕಲ್ಲು ಸಮುದ್ರದ ತಳದಲ್ಲಿ ಕೂತು 50 ಕೋಟಿ ವರ್ಷಕ್ಕೂ ಹೆಚ್ಚು ಕಾಲವಾಗಿದೆ. ಚಂದ್ರನ ಮೇಲೆ ಟೈಕೋ ಕುಳಿ ಬಿದ್ದದ್ದು ಸುಮಾರು 11 ಕೋಟಿ ವರ್ಷದ ಹಿಂದೆ. ಅಂದರೆ ಆಕಾಶದಲ್ಲಿ ಕಾಣುವ ಆ ಕಲೆಗಿಂತ ಕಾಲ ಕೆಳಗಿನ ಪರ್ಸಿ ನಾಲ್ಕೈದು ಪಟ್ಟು ಹಳೆಯದು. ಟೈಕೋ ಸಿಡಿದ ದಿನ ಚಿಂಚೋಳಿ ಕಡೆಯ ಕಪ್ಪುಕಲ್ಲು ಇನ್ನೂ ಹುಟ್ಟಿರಲಿಲ್ಲ, ಆ ಲಾವಾ ಉಕ್ಕಿ ಹರಿದದ್ದು 6 ಕೋಟಿ 60 ಲಕ್ಷ ವರ್ಷದ ಹಿಂದೆ. ಶಹಾಬಾದಿನ ಕಲ್ಲು ಮಾತ್ರ ಆಗಲೇ ಮುದಿಯಾಗಿತ್ತು. ಚಂದ್ರನಿಗೋ 450 ಕೋಟಿ ವರ್ಷ.

ಬೆಳಕಿನ ಲೆಕ್ಕ ಇನ್ನೂ ವಿಚಿತ್ರ. ಅರ್ಧಚಂದ್ರ ಹುಣ್ಣಿಮೆಯ ಅರ್ಧದಷ್ಟು ಬೆಳಕು ಕೊಡಬೇಕಲ್ಲ? ಕೊಡುವುದು ಹತ್ತರಲ್ಲೊಂದು ಪಾಲಿನ ಆಸುಪಾಸು. ಹುಣ್ಣಿಮೆಯ ರಾತ್ರಿ ಕಾಯಿಗಟ್ಟಿದ ತೊಗರಿ ಹೊಲದಲ್ಲಿ ಗಿಡಗಿಡದ ನೆರಳೂ ಬೇರೆಬೇರೆಯಾಗಿ ಕಾಣುತ್ತದೆ. ಅಷ್ಟು ಬೆಳಕಿದ್ದರೂ, ಒಂದು ಸೂರ್ಯನಿಗೆ ಸಮವಾಗಲು ಇಂಥ ನಾಲ್ಕು ಲಕ್ಷ ಪೂರ್ಣಚಂದ್ರರು ಬೇಕು. ಅವರನ್ನೆಲ್ಲ ಎಲ್ಲಿ ಇಡುವುದು? ದಿಗಂತದಿಂದ ದಿಗಂತಕ್ಕೆ ಇಡೀ ಆಕಾಶವನ್ನು ಸಂದಿಲ್ಲದೆ ತುಂಬಿದರೂ ಹಿಡಿಸುವುದು ಒಂದು ಲಕ್ಷ ಚಂದ್ರರು. ತಲೆಯ ಮೇಲೆ ಚಂದ್ರರೇ ಚಂದ್ರರು, ಆದರೂ ನಡುಹಗಲಿನ ಕಾಲುಭಾಗ ಬೆಳಕು!

ತೂಕಕ್ಕೆ ಬಂದರೆ ನಮ್ಮ ಅಂಕಿಗಳೇ ಸೋಲುತ್ತವೆ. 7ರ ಮುಂದೆ 19 ಸೊನ್ನೆ ಬರೆದರೆ ಎಷ್ಟೋ ಅದಕ್ಕಿಂತಲೂ ಹೆಚ್ಚು ಟನ್. ಆನೆಗಳಲ್ಲಿ ಹೇಳೋಣ. ಐದು ಟನ್ನಿನ ಆನೆಗಳನ್ನು ಚಂದ್ರನ ತೂಕಕ್ಕೆ ಸರಿದೂಗಿಸಿ, ಭೂಮಿಯ ಪ್ರತಿಯೊಬ್ಬರಿಗೂ, ತೊಟ್ಟಿಲ ಕೂಸಿಗೂ ಸೇರಿಸಿ, ಸಮನಾಗಿ ಹಂಚಿದರೆ ತಲೆಗೆ 183 ಕೋಟಿ ಆನೆ. ನಮ್ಮ ಭಾಗದ ಲೆಕ್ಕವೂ ಒಂದಿದೆ. ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ದಿನಕ್ಕೆ 12,500 ಟನ್ ಕ್ಲಿಂಕರ್ ಸುಡುವ ಕಿಲ್ನ್ ಇದೆ, ಜಗತ್ತಿನ ದೈತ್ಯ ಕಿಲ್ನ್‌ಗಳಲ್ಲಿ ಒಂದು. ಚಂದ್ರನ ತೂಕದಷ್ಟು ಕ್ಲಿಂಕರ್ ಬೇಕೆಂದು ಅದಕ್ಕೆ ಹೇಳಿದರೆ ಹಗಲಿರುಳು ಉರಿದು ಮುಗಿಸಲು 16 ಲಕ್ಷ ಕೋಟಿ ವರ್ಷ. ಇಡೀ ವಿಶ್ವ ಹುಟ್ಟಿ ಇನ್ನೂ 1,380 ಕೋಟಿ ವರ್ಷ. ವಿಶ್ವದ ಆಯುಸ್ಸನ್ನು ಸಾವಿರದ ನೂರಕ್ಕೂ ಹೆಚ್ಚು ಸಲ ಬಾಳಿದರೂ ವಾಡಿಯ ಆ ಬೆಂಕಿಗೆ ಕೆಲಸ ಉಳಿದಿರುತ್ತದೆ.

ಇಷ್ಟು ಭಾರದ್ದು ನಿಧಾನವಾಗಿಯಾದರೂ ಚಲಿಸಬೇಕಲ್ಲ? ಗಂಟೆಗೆ 3,680 ಕಿಲೋಮೀಟರ್! ವಾಡಿಯಿಂದ ಕಲಬುರಗಿಗೆ ರೈಲುಹಳಿ ಸುಮಾರು 37 ಕಿಲೋಮೀಟರ್. ಚಂದ್ರನ ವೇಗದಲ್ಲಿ 36 ಸೆಕೆಂಡು, ಸೀಟು ಹುಡುಕಿ ಕೂರುವುದರೊಳಗೆ ಕಲಬುರಗಿ ಬಂದಿರುತ್ತದೆ. ಭೂಮಿಗೆ ಒಂದು ಸುತ್ತು ಎಂದರೆ 24 ಲಕ್ಷ ಕಿಲೋಮೀಟರ್, 27 ದಿನ ಚಿಲ್ಲರೆ. ಹುಟ್ಟಿದಂದಿನಿಂದ ಈವರೆಗೆ ಅಂಥ ಸುತ್ತುಗಳು ಇಂದಿನ ವೇಗದ ಲೆಕ್ಕಕ್ಕೇ 6,000 ಕೋಟಿ.

ಹೀಗೆ ಓಡುವ ಚಂದ್ರ ಆಗಾಗ ಒಂದು ನೆರಳಿನೊಳಗೆ ನುಗ್ಗುತ್ತಾನೆ. ಆ ನೆರಳು ನಮ್ಮದೇ. ಸೂರ್ಯನಿಗೆ ಬೆನ್ನು ಹಾಕಿದ ಕಡೆ ಭೂಮಿಯ ನೆರಳು ಪ್ರತಿ ರಾತ್ರಿಯೂ 14 ಲಕ್ಷ ಕಿಲೋಮೀಟರ್ ದೂರದವರೆಗೆ ಚಾಚಿಕೊಂಡಿರುತ್ತದೆ, ಭೂಮಿಗೆ 35 ಸುತ್ತು ಸುತ್ತುವಷ್ಟು ಉದ್ದ. ಚಂದ್ರನ ದೂರದಲ್ಲೂ ಅದರ ಅಗಲ ಸುಮಾರು 9,200 ಕಿಲೋಮೀಟರ್, ಪಕ್ಕಪಕ್ಕದಲ್ಲಿ ಎರಡೂವರೆ ಚಂದ್ರರು ಹಿಡಿಸುವಷ್ಟು. ಅಷ್ಟು ದೊಡ್ಡ ನೆರಳು ಅಲ್ಲಿದೆ ಎಂದು ಗೊತ್ತಾಗುವುದು ಗ್ರಹಣದ ದಿನ ಮಾತ್ರ. 2018ರ ಜುಲೈ 27ರ ಮಧ್ಯರಾತ್ರಿ ಚಂದ್ರ ಪೂರ್ತಿ ನೆರಳಿನೊಳಗೆ ಕಳೆದದ್ದು 1 ಗಂಟೆ 43 ನಿಮಿಷ, ಈ ಶತಮಾನದ ಅತಿ ದೀರ್ಘ ಖಗ್ರಾಸ ಚಂದ್ರಗ್ರಹಣ ಅದೇ. ಆದರೆ ಬಂದದ್ದು ಮಳೆಗಾಲದ ನಡುವೆ. 2025ರ ಸೆಪ್ಟೆಂಬರ್ 7ರದು, ಅನಂತನ ಹುಣ್ಣಿಮೆಯದು, 82 ನಿಮಿಷ.

ನಾನು ಎಲ್ಲರಿಗೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ ಎನ್ನುವುದು 2028ರ ಡಿಸೆಂಬರಿಗೆ. ಆ ತಿಂಗಳು ಎರಡು ಹುಣ್ಣಿಮೆ: 2ರಂದು ಹೊಸ್ತಿಲ ಹುಣ್ಣಿಮೆ, 31ರಂದು ಬನದ ಹುಣ್ಣಿಮೆ. ಒಂದೇ ಇಂಗ್ಲಿಷ್ ತಿಂಗಳಿನ ಎರಡನೆಯ ಹುಣ್ಣಿಮೆ, ವರ್ಷದ ಕೊನೆಯ ರಾತ್ರಿ, ಅದರ ಮೇಲೆ ಖಗ್ರಾಸ ಗ್ರಹಣ. ಮೂರೂ ಒಟ್ಟಿಗೆ! ಅದಕ್ಕೆ 19 ವರ್ಷ ಹಿಂದೆ, 2009ರ ಡಿಸೆಂಬರ್ 31ರ ರಾತ್ರಿಯೂ ಹೀಗೇ ಎರಡನೆಯ ಹುಣ್ಣಿಮೆ ಬಂದು ಗ್ರಹಣ ಹಿಡಿದಿತ್ತು, ಆದರೆ ಆಗ ನೆರಳು ಚಂದ್ರನ ಅಂಚನ್ನಷ್ಟೇ ಸವರಿ ಹೋಗಿತ್ತು. ಈ ಸಲ ಪೂರ್ತಿ.

ಅಂದು ರಾತ್ರಿ 8.37ರ ಸುಮಾರಿಗೆ ಚಂದ್ರನ ಅಂಚು ಕಪ್ಪಾಗತೊಡಗುತ್ತದೆ. 9.46ಕ್ಕೆ ಪೂರ್ತಿ ಒಳಗೆ. ಅಲ್ಲಿಂದ 71 ನಿಮಿಷ ತಾಮ್ರದ ಬಣ್ಣ, ಬೆಳದಿಂಗಳಿಗೆ ಮುಚ್ಚಿಹೋಗಿದ್ದ ನಕ್ಷತ್ರಗಳು ಒಮ್ಮೆಲೇ ಹೊರಬರುತ್ತವೆ. 10.58ಕ್ಕೆ ಮತ್ತೆ ಬಿಳಿ ಅಂಚು. ಚಂದ್ರ ಅಷ್ಟರಲ್ಲಿ ಪೂರ್ವದಲ್ಲಿ ಬಹಳ ಎತ್ತರಕ್ಕೆ ಏರಿರುವುದರಿಂದ ಕುತ್ತಿಗೆ ನೋಯಿಸಿಕೊಳ್ಳುವ ಬದಲು ಅಂಗಾತ ಮಲಗಿ ನೋಡುವುದೇ ಸರಿ. ಚಳಿ ಇರುತ್ತದೆ, ಕೌದಿ ಇರಲಿ. ಬರಿಗಣ್ಣಿಗೆ ಯಾವ ಅಪಾಯವೂ ಇಲ್ಲ, ಮಕ್ಕಳನ್ನೂ ಅಜ್ಜಿಯನ್ನೂ ಮಾಳಿಗೆಗೆ ಕರೆತನ್ನಿ. ಬೀದಿದೀಪ, ಕಾರ್ಖಾನೆಯ ದೀಪ ಕಣ್ಣಿಗೆ ನೇರ ಬೀಳದ ಮೂಲೆ ನೋಡಿಕೊಳ್ಳಿ, ತಾಮ್ರದ ಬಣ್ಣ ಕಾಣಲು ಕತ್ತಲು ಬೇಕು.

ಅಂಚು ಕಪ್ಪಾದಾಗಿನಿಂದ ನೆರಳು ಪೂರ್ತಿ ಬಿಡುವವರೆಗೆ 209 ನಿಮಿಷ. ಅಷ್ಟು ಹೊತ್ತು ಕೌದಿಯೊಳಗೆ ಅಲುಗಾಡದೆ ಮಲಗಿದ್ದವರನ್ನೂ ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಹೊತ್ತೊಯ್ಯುತ್ತಿರುತ್ತದೆ. ಒಟ್ಟು ಪ್ರಯಾಣ ಸುಮಾರು 3 ಲಕ್ಷ 80 ಸಾವಿರ ಕಿಲೋಮೀಟರ್, ಇಲ್ಲಿಂದ ಚಂದ್ರನವರೆಗೆ ಹೋದಷ್ಟು. ಆ ದೂರ ಮುಗಿಯುವ ಹೊತ್ತಿಗೆ 2029 ಹುಟ್ಟಿ ಆರೇಳು ನಿಮಿಷವಾಗಿರುತ್ತದೆ.